ಅಡುಗೆಮನೆಯ ಜಿರಲೆ: ವಿಷಕ್ಕಿಂತ ಮೊದಲು ಮಾಡಬೇಕಾದುದು

ಗೃಹಸ್ಥರ ದಾಸೋಹಕ್ಕೆ ಅಡುಗೆಮನೆಯೇ ಮೂಲಸ್ಥಾನ. ಮನೆಮಂದಿಯ ಊಟ, ಬಂದ ಅತಿಥಿಗಳ ಸತ್ಕಾರ, ಜಂಗಮರ ಪ್ರಸಾದ ಇವೆಲ್ಲವೂ ಸಿದ್ಧವಾಗುವುದು ಅಲ್ಲಿಯೇ. ಅಂತಹ ಸ್ಥಳದಲ್ಲಿ ರಾತ್ರಿ ದೀಪ ಹಾಕಿದೊಡನೆ ಜಿರಲೆಗಳು ಚದುರಿ ಓಡುವುದನ್ನು ಕಂಡರೆ ಯಾವ ತಾಯಿಗೆ ತಾನೆ ಮನಸ್ಸು ಕೆಡುವುದಿಲ್ಲ? ಇದು ಹುಬ್ಬಳ್ಳಿ, ಬೆಂಗಳೂರುಗಳ ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿದ ನಮ್ಮ ಮಕ್ಕಳ ತೊಂದರೆ ಮಾತ್ರವಲ್ಲ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿಯೂ ಮಣ್ಣಿನ ಮಾಳಿಗೆಯ ಮನೆಗಳಿದ್ದೆಡೆ ಸಿಮೆಂಟಿನ ಮನೆಗಳು ಎದ್ದಿವೆ. ಗ್ರಾನೈಟ್ ಕಟ್ಟೆ, ಸಿಂಕು, ಅದರ ಕೆಳಗಿನ ಮುಚ್ಚಿದ ಕಪಾಟು, ಫ್ರಿಜ್ಜು ಬಂದಿವೆ. ಇವೆಲ್ಲ ಗೃಹಿಣಿಗೆ ಅನುಕೂಲವಾದಂತೆಯೇ ಜಿರಲೆಗೂ ಅನುಕೂಲವಾಗಿವೆ.

ಈ ಕೀಟದ ಉಪದ್ರವಕ್ಕಿಂತ ದೊಡ್ಡ ಅಪಾಯ ನಾವು ಅವಸರದಲ್ಲಿ ಹುಡುಕುವ ಪರಿಹಾರದಲ್ಲಿದೆ. ಒಕ್ಕಲುತನದ ಮನೆಗಳಲ್ಲಿ ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಗೆಂದು ತಂದ 'ಎಣ್ಣೆ' ಸ್ವಲ್ಪ ಉಳಿದಿರುತ್ತದೆ. ಅದನ್ನೇ ನೀರಿಗೆ ಬೆರೆಸಿ ಮೂಲೆಗೆ ಹೊಡೆದರಾಯಿತು ಎಂಬ ಯೋಚನೆ ಸಹಜವಾಗಿ ಬರುತ್ತದೆ. ದಯಮಾಡಿ ಇದನ್ನು ಎಂದಿಗೂ ಮಾಡಬಾರದು. ಹೊಲದ ವಿಷ ಬಯಲಿಗಾಗಿ ತಯಾರಾದುದು. ಮುಚ್ಚಿದ ಕೋಣೆಯಲ್ಲಿ ಅದು ಗೋಡೆ, ಪಾತ್ರೆ, ರೊಟ್ಟಿಯ ಬುಟ್ಟಿಗಳ ಮೇಲೆ ಉಳಿದು, ನೆಲದ ಮೇಲೆ ಆಡುವ ಕೂಸುಗಳ ಕೈಯಿಂದ ಬಾಯಿಗೆ ಸೇರುತ್ತದೆ. 2013ರ ಜುಲೈ ತಿಂಗಳಿನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರ ಬಿಸಿಯೂಟದಲ್ಲಿ ಬಳಸಿದ ಎಣ್ಣೆಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತು 23 ಮಕ್ಕಳು ಅಸುನೀಗಿದರು. ಹೊಲದ ಡಬ್ಬಿ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಕಿಲ್ಲ. ಹಿಂದೆ ಮನೆಗಳಲ್ಲಿಯೂ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ ಎಂಬ ವಿಷದ ಬಳಕೆಯನ್ನು ಕೇಂದ್ರ ಸರಕಾರ 2020ರ ಡಿಸೆಂಬರ್ 31ರಿಂದ ಪೂರ್ಣವಾಗಿ ನಿಷೇಧಿಸಿದೆ. ಹಳೆಯ ಬಾಟಲಿ ಮನೆಯಲ್ಲಿದ್ದರೂ ಅದನ್ನು ಮುಟ್ಟಲಾಗದು.

ಶತ್ರುವಿನ ಸ್ವಭಾವ

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಜಿರಲೆಗಳಿವೆ. ಬಚ್ಚಲು, ಗಟಾರಗಳಿಂದ ಬರುವ ಕೆಂಗಂದು ಬಣ್ಣದ ದೊಡ್ಡ ಜಿರಲೆ ಒಂದೂವರೆ ಅಂಗುಲದಷ್ಟು ಉದ್ದವಿರುತ್ತದೆ. ಬಚ್ಚಲಿನ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿದರೆ ಅದರ ಹಾವಳಿ ಬಹುಮಟ್ಟಿಗೆ ತಗ್ಗುತ್ತದೆ. ನಿಜವಾದ ತೊಂದರೆ ಅರ್ಧ ಅಂಗುಲದ, ಕತ್ತಿನ ಹಿಂದೆ ಎರಡು ಕಪ್ಪು ಗೆರೆಗಳಿರುವ ಸಣ್ಣ ಜಿರಲೆಯದು. ಇದು ಹೊರಗೆ ಬಾಳುವುದಿಲ್ಲ. ಮನುಷ್ಯನ ಅಡುಗೆಮನೆಯೇ ಇದರ ಮನೆ. 1767ರಲ್ಲಿ ಲಿನ್ನೇಯಸ್ ಎಂಬ ವಿಜ್ಞಾನಿ ಇದಕ್ಕೆ ಜರ್ಮನಿಯ ಹೆಸರಿಟ್ಟನು. ಆದರೆ 17 ದೇಶಗಳ ಜಿರಲೆಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅನುವಂಶೀಯ ಅಧ್ಯಯನದ ಪ್ರಕಾರ ಇದು ಸುಮಾರು 2100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಭಾಗದಲ್ಲಿಯೇ ಮನುಷ್ಯನ ವಸತಿಗೆ ಹೊಂದಿಕೊಂಡು, ವ್ಯಾಪಾರದ ಸರಕಿನೊಡನೆ ಜಗತ್ತಿಗೆ ಹರಡಿತು.

ಇಂದಿಗೂ ಅದರ ಪ್ರಯಾಣ ಸರಕಿನೊಡನೆಯೇ. ಕಿರಾಣಿ ಸಾಮಾನಿನ ರಟ್ಟಿನ ಪೆಟ್ಟಿಗೆ, ಹಳೆಯ ಫ್ರಿಜ್ಜು, ಚೀಲಗಳ ಮಡಿಕೆ ಇವು ಅದರ ವಾಹನಗಳು. ಊರಿನಿಂದ ಬಸ್ಸಿನಲ್ಲಿ ಮಕ್ಕಳಿಗೆ ಕಳಿಸುವ ಕಡಕ್ ರೊಟ್ಟಿಯ ಪೆಟ್ಟಿಗೆ, ಅವರು ಮರಳಿ ಕಳಿಸುವ ಖಾಲಿ ಡಬ್ಬಿಗಳನ್ನೂ ಅಂಗಳದಲ್ಲಿಯೇ ಝಾಡಿಸಿ ಒಳತರುವುದು ಒಳಿತು.

ಹೆಣ್ಣು ಜಿರಲೆ 30ರಿಂದ 40 ತತ್ತಿಗಳ ಕೋಶವನ್ನು ಮರಿಯೊಡೆಯುವವರೆಗೂ ಮೈಗೆ ಅಂಟಿಸಿಕೊಂಡೇ ತಿರುಗುತ್ತದೆ. ಬೆಚ್ಚನೆಯ ಸ್ಥಳದಲ್ಲಿ ಎರಡು ಮೂರು ತಿಂಗಳಿಗೆ ಮರಿಗಳು ಬಲಿಯುತ್ತವೆ. ಆಹಾರವಿಲ್ಲದೆ ಒಂದು ತಿಂಗಳವರೆಗೆ ಬದುಕಬಲ್ಲ ಈ ಜೀವಿ ನೀರಿಲ್ಲದೆ ಎರಡು ವಾರ ಬಾಳುವುದೇ ಕಷ್ಟ. ಪರಿಹಾರದ ಕೀಲಿ ಇಲ್ಲಿಯೇ ಇದೆ.

ದಯೆ ಮತ್ತು ಶುಚಿತ್ವ

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ನಂಬಿದ ಮನೆಗಳಲ್ಲಿ, 'ಈ ಹುಳಗಳನ್ನು ಕೊಲ್ಲುವುದು ತಪ್ಪಲ್ಲವೇ?' ಎಂಬ ಪ್ರಶ್ನೆ ಹಿರಿಯರಿಂದ ಬರುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಗಟಾರದಿಂದ ಅನ್ನಕ್ಕೆ ರೋಗಾಣುಗಳನ್ನು ಹೊತ್ತು ತರುವ, ತನ್ನ ಮಲ ಮತ್ತು ಪೊರೆಯ ಧೂಳಿನಿಂದ ಮಕ್ಕಳ ಉಬ್ಬಸವನ್ನು ಹೆಚ್ಚಿಸುವ ಕೀಟವನ್ನು ಸಾಕಿಕೊಳ್ಳುವುದು ಮಕ್ಕಳ ಮೇಲಿನ ದಯೆಯಾಗಲಾರದು. ಅನ್ನ, ನೀರು, ಆಶ್ರಯ ಸಿಗದಂತೆ ಮಾಡಿದರೆ ಅವು ಹೆಚ್ಚುವುದೇ ಇಲ್ಲ. ಕೊಲ್ಲುವ ಪ್ರಸಂಗವೂ ಅಷ್ಟಕ್ಕೆ ಕಡಿಮೆಯಾಗುತ್ತದೆ.

ಪ್ರಸಾದದ ಒಂದು ಅಗುಳೂ ಉಳಿಯದಂತೆ ತಾಟನ್ನು ತೊಳೆದು ಆ ನೀರನ್ನು ಕುಡಿಯುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಆ ಶಿಸ್ತನ್ನು ಇಡೀ ಅಡುಗೆಮನೆಗೆ ವಿಸ್ತರಿಸಿದರೆ ಅರ್ಧ ಕೆಲಸ ಮುಗಿದಂತೆ. ಮುಸುರೆ ಪಾತ್ರೆಗಳನ್ನು ಬೆಳಗಿನವರೆಗೆ ಇಡಬಾರದು. ಮಲಗುವ ಮುನ್ನ ಸಿಂಕನ್ನು ಒಣಬಟ್ಟೆಯಿಂದ ಒರೆಸಬೇಕು, ಸೋರುವ ನಲ್ಲಿಯನ್ನು ರಿಪೇರಿ ಮಾಡಿಸಬೇಕು, ಕುಡಿಯುವ ನೀರಿನ ಕೊಡಗಳನ್ನು ಮುಚ್ಚಿಡಬೇಕು. ಒಲೆಯ ಕೆಳಗಿನ ಜಿಡ್ಡನ್ನು ವಾರಕ್ಕೊಮ್ಮೆ ತೆಗೆಯಬೇಕು. ಹಿಟ್ಟು, ಬೆಲ್ಲ, ಶೇಂಗಾ ಚಟ್ನಿಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಕಪಾಟಿನಲ್ಲಿ ಹಾಸಿದ ಹಳೆಯ ಪತ್ರಿಕೆಗಳನ್ನು ತೆಗೆದುಹಾಕಬೇಕು. 5 ಮಿಲಿಮೀಟರಿನ ಸಂದಿಯೂ ಅವುಗಳಿಗೆ ಸಾಕಾದುದರಿಂದ ಕೊಳವೆ ಗೋಡೆಯನ್ನು ಹೊಕ್ಕ ಜಾಗ, ಕಟ್ಟೆಯ ಬಿರುಕುಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚಬೇಕು.

ಔಷಧಿ ಬೇಕೇ ಆದರೆ

ಇಷ್ಟಾದರೂ ಉಳಿದವುಗಳಿಗೆ ಅಂಗಡಿಯಲ್ಲಿ ಸಿಗುವ ಜಿರಲೆಯ ಜೆಲ್ ಸಿಂಪಡಣೆಗಿಂತ ಮೇಲು. ಕಪಾಟಿನ ತಿರುಗಣಿ, ಫ್ರಿಜ್ಜಿನ ಹಿಂಬದಿ, ಸಿಂಕಿನ ಅಡಿಯಲ್ಲಿ ಜೋಳದ ಕಾಳಿನಷ್ಟು ಚುಕ್ಕೆಗಳನ್ನಿಟ್ಟರೆ ಸಾಕು. ಅದನ್ನು ತಿಂದ ಜಿರಲೆ ಗೂಡಿಗೆ ಹೋಗಿ ಸಾಯುತ್ತದೆ. ಅದರ ಮಲವನ್ನೂ ಹೆಣವನ್ನೂ ತಿಂದವು ಕೂಡ ಸಾಯುತ್ತವೆ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಅವು ಆ ಕಡೆ ಸುಳಿಯುವುದಿಲ್ಲ. ಉರಿಯುವ ಒಲೆಯ ಬಳಿಯಂತೂ ಸ್ಪ್ರೇ ಬಳಸಿದರೆ ಬೆಂಕಿ ಹತ್ತುವ ಭಯವಿದೆ. ಬೋರಿಕ್ ಪುಡಿಯನ್ನು ಮಕ್ಕಳ ಕೈಗೆಟುಕದ ಸಂದಿಗಳಲ್ಲಿ ಮಾತ್ರ ತೆಳುವಾಗಿ ಉದುರಿಸಬೇಕು. ಗೋಧಿಹಿಟ್ಟು, ಸಕ್ಕರೆ ಸೇರಿಸಿ ಉಂಡೆ ಮಾಡಿಟ್ಟರೆ ಮಕ್ಕಳು ತಿಂಡಿಯೆಂದು ಬಾಯಿಗಿಡಬಹುದು. ಸೀಮೆಸುಣ್ಣದಂತಿರುವ ವಿಷದ ಕಡ್ಡಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಯಾರಾದರೂ ಅಕಸ್ಮಾತ್ ನುಂಗಿದರೆ ಮನೆಮದ್ದು ಮಾಡುತ್ತ ಕೂಡದೆ, ವಿಷದ ಪೊಟ್ಟಣದೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದೇ ಔಷಧಿಯನ್ನು ಸದಾ ಬಳಸಿದರೆ ಅವು ಅದಕ್ಕೆ ಒಗ್ಗಿಹೋಗುತ್ತವೆ. ಸಿಹಿ ಬೆರೆಸಿದ ವಿಷಾಹಾರ ಫಲಿಸದಿದ್ದುದನ್ನು ಪರೀಕ್ಷಿಸಿದ ವಿಜ್ಞಾನಿಗಳು, ಗ್ಲೂಕೋಸನ್ನೇ ತಿನ್ನದ ಜಿರಲೆಗಳು ಹುಟ್ಟಿಕೊಂಡಿವೆಯೆಂದು 1993ರಲ್ಲಿ ವರದಿ ಮಾಡಿದರು. ಆದುದರಿಂದ ಕೆಲವು ತಿಂಗಳಿಗೊಮ್ಮೆ ಬೇರೆ ರಾಸಾಯನಿಕದ ಜೆಲ್ ಬಳಸುವುದು ಯೋಗ್ಯ. ಕೋಶದೊಳಗಿನ ಮರಿಗಳು ಆಮೇಲೆ ಹೊರಬರುವುದರಿಂದ ಮೂರು ನಾಲ್ಕು ವಾರಗಳ ನಂತರ ಮತ್ತೊಮ್ಮೆ ಜೆಲ್ ಇಡುವುದು ಅವಶ್ಯ.

ಅಪಾರ್ಟ್‌ಮೆಂಟು, ವಠಾರಗಳಲ್ಲಿ ಗೋಡೆಯೂ ಕೊಳವೆಯೂ ಒಂದೇ ಆದುದರಿಂದ ಒಬ್ಬರ ಪ್ರಯತ್ನ ಸಾಲದು. ಒಂದು ಮನೆಯಲ್ಲಿ ಸಿಂಪಡಿಸಿದರೆ ಅವು ಪಕ್ಕದ ಮನೆಗೆ ಸರಿದು, ವಾಸನೆ ಆರಿದ ಮೇಲೆ ಮರಳುತ್ತವೆ. ನೆರೆಹೊರೆಯವರನ್ನು ದೂರುವುದನ್ನು ಬಿಟ್ಟು, ಎಲ್ಲರೂ ಕೂಡಿ ಒಂದು ಭಾನುವಾರ ಗೊತ್ತುಮಾಡಿಕೊಂಡು, ಅಂದೇ ಎಲ್ಲ ಅಡುಗೆಮನೆಗಳನ್ನು ತೊಳೆದು, ಸಂದಿಗಳನ್ನು ಮುಚ್ಚಿ, ಜೆಲ್ ಇಡಬೇಕು. ಈ ಕೆಲಸವನ್ನು ತಾಯಂದಿರ ಪಾಲಿಗೇ ಬಿಡದೆ ಮನೆಯ ಗಂಡಸರೂ ಕೈಜೋಡಿಸಬೇಕು. ಹೊಲದ ವಿಷದ ಡಬ್ಬಿಗಳನ್ನು ಮನೆಯಿಂದ ಹೊರಗೆ, ಬೀಗವಿರುವ ಜಾಗಕ್ಕೆ ಸಾಗಿಸುವುದಂತೂ ಅವರದೇ ಮೊದಲ ಕರ್ತವ್ಯ.