ಖಾಕಿಗೆ ಬೇರೆ ಕಾನೂನು ಇದೆಯೇ?

ಚಿಕ್ಕನಾಯಕನಹಳ್ಳಿಯ ಯಾವ ಹೋಟೆಲಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಪೊಲೀಸ್ನೋರು ಏನ್ ಮಾಡಿದ್ರೂ ನಡೀತದೆ ಬಿಡಣ್ಣ, ಅವರ ಕಾನೂನೇ ಬೇರೆ." ನೊಂದವರ ಮಾತಿದು, ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಕಾನೂನು ಹೇಳುವುದೇ ಬೇರೆ. ಅದನ್ನು ತಿಳಿಯದೆ ನಾವು ಸುಮ್ಮನಾದಷ್ಟೂ ತಪ್ಪಿತಸ್ಥರಿಗೆ ಅನುಕೂಲ.

ತಪ್ಪು ಕಲ್ಪನೆ: ಹೆಲ್ಮೆಟ್ ನಿಯಮ ಪೊಲೀಸರಿಗಿಲ್ಲ.
ಸತ್ಯ: ಇದೆ, ದಂಡವೂ ದುಪ್ಪಟ್ಟು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 210ಬಿ ಕಲಂ ಸೇರಿತು. ಕಾಯ್ದೆ ಜಾರಿ ಮಾಡಬೇಕಾದವರೇ ಅದನ್ನು ಮುರಿದರೆ ಎರಡರಷ್ಟು ದಂಡ ತೆರಬೇಕು. ಬೈಕಿನ ಹಿಂದೆ ಕೊಬ್ಬರಿ ಚೀಲ ಕಟ್ಟಿಕೊಂಡು ತಿಪಟೂರಿಗೆ ಹೊರಟ ರೈತನಿಗೆ ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿಯಾದರೆ, ಅವನನ್ನು ತಡೆದ ಪೇದೆಯ ಅದೇ ತಪ್ಪಿಗೆ 1,000.

ತಪ್ಪು ಕಲ್ಪನೆ: ಸರ್ಕಾರ ಒಪ್ಪದೆ ಪೊಲೀಸರ ಮೇಲೆ ಕೇಸು ನಡೆಯದು.
ಸತ್ಯ: ಇದು ಅರ್ಧ ನಿಜ. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ರಕ್ಷಣೆ ಕೊಡುತ್ತದೆ. ಕರ್ತವ್ಯದಲ್ಲಿ ಮಿತಿ ಮೀರಿದ್ದಕ್ಕೂ ಪೂರ್ವಾನುಮತಿ ಬೇಕೆಂದು 2020ರಲ್ಲಿ ಕರ್ನಾಟಕದ್ದೇ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಈ ರಕ್ಷಣೆ ಇಲ್ಲವೆಂದೂ ಅದೇ ತೀರ್ಪಿನಲ್ಲಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಪ್ರಕಾರ ಅತ್ಯಾಚಾರ, ಲೈಂಗಿಕ ಕಿರುಕುಳದಂಥ ಅಪರಾಧಗಳಿಗೆ ಅನುಮತಿಯೇ ಬೇಕಿಲ್ಲ. ಉಳಿದವುಗಳಲ್ಲಿ ಸರ್ಕಾರ 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆಯೆಂದೇ ಲೆಕ್ಕ.

ತಪ್ಪು ಕಲ್ಪನೆ: ದೊಡ್ಡ ಅಧಿಕಾರಿಗಳನ್ನು ಯಾರೂ ಮುಟ್ಟುವುದಿಲ್ಲ.
ಸತ್ಯ: 545 ಪಿಎಸ್ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ ಎಡಿಜಿಪಿ ಅಮೃತ್ ಪಾಲ್ ಅವರನ್ನು 2022ರ ಜುಲೈ 4ರಂದು ಸಿಐಡಿ ಬಂಧಿಸಿತು. ನಮ್ಮದೇ ಜಿಲ್ಲೆಯ ಮಧುಗಿರಿಯಲ್ಲಿ, ದೂರು ಹೇಳಲು ಬಂದ ಮಹಿಳೆಯೊಂದಿಗೆ ಅಸಭ್ಯವಾಗಿ ವರ್ತಿಸಿದ ಆರೋಪದ ಮೇಲೆ 2025ರ ಜನವರಿಯಲ್ಲಿ ಡಿವೈಎಸ್‌ಪಿಯೇ ಬಂಧನಕ್ಕೊಳಗಾದರು. ಆರೋಪ ರುಜುವಾತಾಗಬೇಕಾದದ್ದು ನ್ಯಾಯಾಲಯದಲ್ಲಿ. ಬಂಧನಕ್ಕಂತೂ ಹುದ್ದೆ ಅಡ್ಡ ಬರಲಿಲ್ಲ.

ತಪ್ಪು ಕಲ್ಪನೆ: ಸಸ್ಪೆಂಡ್ ಆದರೆ ಶಿಕ್ಷೆ ಆದಂತೆ.
ಸತ್ಯ: ಅಮಾನತು ಶಿಕ್ಷೆಯಲ್ಲ. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗುತ್ತಿರುತ್ತದೆ. ಇಲಾಖಾ ವಿಚಾರಣೆ ಒಂದು, ಕ್ರಿಮಿನಲ್ ಪ್ರಕರಣ ಇನ್ನೊಂದು. ಅಮಾನತಿನ ಸುದ್ದಿ ಓದಿ ಸಮಾಧಾನಪಟ್ಟು ಮರೆಯಬಾರದು.

ತಪ್ಪು ಕಲ್ಪನೆ: ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ದಾರಿ ಮುಗಿಯಿತು.
ಸತ್ಯ: ಮುಗಿಯುವುದಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿದೆ. ದೂರು ಪೊಲೀಸರ ಮೇಲೆಯೇ ಇದ್ದರೂ ಅಷ್ಟೆ. ನಿರಾಕರಿಸಿದರೆ ತುಮಕೂರಿನ ಎಸ್‌ಪಿಗೆ ಲಿಖಿತ ದೂರನ್ನು ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ನಮ್ಮೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿದೆ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರವಿದೆ. ಲಂಚ ಕೇಳಿದರೆ ಲೋಕಾಯುಕ್ತವಿದೆ.

ಕಾನೂನು ತಾನಾಗಿ ನಡೆದು ಬರುವುದಿಲ್ಲ. ದಿನಾಂಕ, ಹೊತ್ತು, ಎದೆಯ ಮೇಲಿನ ನಾಮಫಲಕದ ಹೆಸರು ಬರೆದಿಟ್ಟುಕೊಳ್ಳಿ. ದೂರಿನ ಪ್ರತಿಯನ್ನೂ ಅಂಚೆ ರಸೀದಿಯನ್ನೂ ಜೋಪಾನ ಮಾಡಿ. ನಾಳೆ ನ್ಯಾಯಾಲಯದಲ್ಲಿ ನಿಮ್ಮ ಪರ ನಿಲ್ಲುವುದು ಆ ಕಾಗದಗಳೇ.