ಕಿಡಿಯ ಮೊದಲ ತುತ್ತು

ಕಳೆದ ಆಗಸ್ಟ್‌ನಲ್ಲಿ ನಾವು ಐದು ಜನ ಗುಬ್ಬಿ ಹತ್ತಿರದ ಗೆಳೆಯನ ತೋಟಕ್ಕೆ ಹೋಗಿದ್ವಿ. ಶನಿವಾರ ಕ್ಲಾಸ್ ಮುಗಿಸಿ ನಾಗಸಂದ್ರದಲ್ಲಿ ತುಮಕೂರು ಬಸ್ ಹತ್ತಿದವರು ತೋಟ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ರಾತ್ರಿ ಬೆಂಕಿ ಹಾಕಿ ಮುಸುಕಿನ ಜೋಳ ಸುಡೋದು ಅಂತ ಪ್ಲಾನ್. ಜೋಳ ಇತ್ತು, ಸೌದೆ ಇತ್ತು, ತುಂಬಿದ ಬೆಂಕಿಪೊಟ್ಟಣವೂ ಇತ್ತು. ಬೆಂಕಿ ಮಾತ್ರ ಹತ್ತಲಿಲ್ಲ. ಮಧ್ಯಾಹ್ನ ಒಂದು ಹದ ಮಳೆ ಬಂದು ಹೋಗಿತ್ತು. ಪೊಟ್ಟಣದ ಅರ್ಧ ಕಡ್ಡಿ ಖಾಲಿ ಮಾಡಿದ್ವಿ. ನೋಟ್‌ಬುಕ್ ಹಾಳೆ ಹರಿದು ಸುಟ್ವಿ. ಹಾಳೆ ಬೂದಿಯಾಯ್ತು, ಸೌದೆ ಸ್ವಲ್ಪ ಕಪ್ಪಾಯ್ತು, ನಮ್ಮ ಕಣ್ಣು ಕೆಂಪಾಯ್ತು. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಅದೇ ಸೆಮಿಸ್ಟರ್‌ನಲ್ಲಿ ಥರ್ಮೊಡೈನಮಿಕ್ಸ್ ಪಾಸಾದವರು!

ಕೊನೆಗೆ ಗೆಳೆಯನ ಅಜ್ಜಿ ಬಂದ್ರು. "ಏನ್ರಪ್ಪಾ, ಇಷ್ಟೆಲ್ಲ ಓದ್ತೀರಂತೆ, ಒಂದು ಒಲೆ ಹಚ್ಚಕ್ಕೆ ಬರಲ್ವಾ?" ಅಂತ ಕೇಳಿ, ಒಳಗೆ ಅಟ್ಟದ ಮೇಲಿದ್ದ ಒಂದು ಒಣ ತೆಂಗಿನ ಸಿಪ್ಪೆ ತಂದ್ರು. ನಾರನ್ನು ಎಳೆದು, ಎರಡೂ ಅಂಗೈ ನಡುವೆ ಚೆನ್ನಾಗಿ ಉಜ್ಜಿ, ಗುಬ್ಬಚ್ಚಿ ಗೂಡಿನ ಥರ ಮಾಡಿದ್ರು. ಒಂದೇ ಕಡ್ಡಿ ಗೀರಿದ್ರು. ಐದು ನಿಮಿಷದಲ್ಲಿ ಉರಿ ಮೊಣಕಾಲೆತ್ತರ.

ಅಜ್ಜಿಗೆ ಗೊತ್ತಿದ್ದು ನಮಗೆ ಯಾಕೆ ಗೊತ್ತಿರಲಿಲ್ಲ? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಲೇಖನ. ಕಾಡಿನಲ್ಲಿ, ತೋಟದಲ್ಲಿ, ಪೇಪರ್ರೂ ಸೀಮೆಎಣ್ಣೆಯೂ ಇಲ್ಲದ ಕಡೆ ಬೆಂಕಿ ಮೊದಲು ಯಾವುದಕ್ಕೆ ಹತ್ತುತ್ತೆ, ಯಾಕೆ ಹತ್ತುತ್ತೆ ಅನ್ನೋದು ವಿಷಯ.

ಒಂದು ಕಡ್ಡಿಯ ಲೆಕ್ಕ

ಒಂದು ಬೆಂಕಿಕಡ್ಡಿ ಪೂರ್ತಿ ಉರಿದರೆ ಸುಮಾರು 1 ಕಿಲೋಜೂಲ್ ಶಾಖ ಸಿಗುತ್ತೆ. ನಮ್ಮ ಬಜೆಟ್ ಅಷ್ಟೇ ಅಂದ್ಕೊಳ್ಳಿ.

ಒಣ ಎಲೆ, ಹುಲ್ಲು, ಕಟ್ಟಿಗೆ ಇವೆಲ್ಲ ನೇರವಾಗಿ ಉರಿಯುವುದಿಲ್ಲ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಾಗ ಅವು ಒಡೆದು ಉರಿಯುವ ಅನಿಲ ಬಿಡುತ್ತವೆ. ನಾವು ಜ್ವಾಲೆ ಅಂತ ನೋಡೋದು ಆ ಅನಿಲ ಉರಿಯೋದನ್ನ. ಅಂದ್ರೆ ಮೊದಲು ವಸ್ತುವನ್ನು ಅಷ್ಟು ಬಿಸಿ ಮಾಡಬೇಕು. 1 ಗ್ರಾಂ ಪೂರ್ತಿ ಒಣಗಿದ ಎಲೆಯನ್ನು 25 ಡಿಗ್ರಿಯಿಂದ 300ಕ್ಕೆ ತರಲು ಸುಮಾರು 0.4 ಕಿಲೋಜೂಲ್ ಬೇಕು. ಬಜೆಟ್‌ನಲ್ಲಿ ಆರಾಮಾಗಿ ಆಗುತ್ತೆ.

ಈಗ ನೀರು ಸೇರಿಸಿ. 1 ಗ್ರಾಂ ನೀರನ್ನು 25 ಡಿಗ್ರಿಯಿಂದ ಕಾಯಿಸಿ ಪೂರ್ತಿ ಆವಿ ಮಾಡೋಕೆ ಸುಮಾರು 2.6 ಕಿಲೋಜೂಲ್ ಬೇಕು. ಎಲೆಯಲ್ಲಿ 8% ತೇವ ಇದ್ದರೆ ಅದಕ್ಕೆ 0.2 ಕಿಲೋಜೂಲ್ ಖರ್ಚು. ಒಟ್ಟು 0.6, ಎಲೆ ಹತ್ತಿಕೊಳ್ಳುತ್ತೆ. ತೇವ 30% ಇದ್ದರೆ ನೀರಿಗೇ 0.8 ಹತ್ತಿರ ಹೋಯ್ತು. ಒಟ್ಟು 1.2. ಕಡ್ಡಿಯ ಶಾಖವೆಲ್ಲ ಒಂದಿಷ್ಟೂ ಪೋಲಾಗದೆ ಎಲೆಗೇ ಸೇರಿದರೂ ಸಾಲದು. ಆವತ್ತು ನಾವು ಬೆಂಕಿ ಹಚ್ಚುತ್ತಿರಲಿಲ್ಲ, ಒಂದೊಂದೇ ಕಡ್ಡಿ ಗೀರಿ ಸೌದೆ ಒಣಗಿಸುತ್ತಿದ್ವಿ.

ತೇವ ಬರೋದು ಮಳೆಯಿಂದ ಮಾತ್ರ ಅಲ್ಲ. ಸತ್ತ ಕಟ್ಟಿಗೆ ಗಾಳಿಯಲ್ಲಿರೋ ತೇವವನ್ನೂ ಹೀರಿಕೊಳ್ಳುತ್ತೆ. ಗಾಳಿಯ ಸಾಪೇಕ್ಷ ಆರ್ದ್ರತೆ 90% ಇದ್ದರೆ ಕಟ್ಟಿಗೆಯ ತೇವ ನಿಧಾನಕ್ಕೆ 20% ಹತ್ತಿರ ಬಂದು ನಿಲ್ಲುತ್ತೆ. 30% ಇದ್ದರೆ 6% ಆಸುಪಾಸು. ಅಟ್ಟದ ಮೇಲಿನ ಸಿಪ್ಪೆಯ ಗುಟ್ಟು ಇದೇ. ಕೆಳಗೆ ದಿನಾ ಒಲೆ ಉರಿಯುತ್ತೆ, ಬಿಸಿಗಾಳಿ ಮೇಲೇರುತ್ತೆ, ಮಳೆಗಾಲದಲ್ಲೂ ಅಟ್ಟದ ಮೇಲೆ ಬೇಸಿಗೆಯೇ.

ದಪ್ಪದ ಆಟ

ಇನ್ನೊಂದು ಅರ್ಧ ಗುಟ್ಟು ಅಂಗೈಯಲ್ಲಿ ಉಜ್ಜಿದ್ದರಲ್ಲಿದೆ. ಉದ್ದನೆಯ ಕಡ್ಡಿಯ ಮೇಲ್ಮೈಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರೋದು 4 ಭಾಗಿಸು ವ್ಯಾಸ. 20 ಮಿಲಿಮೀಟರ್ ದಪ್ಪದ ಸೌದೆಗೂ 0.2 ಮಿಲಿಮೀಟರ್ ದಪ್ಪದ ನಾರಿಗೂ ಇದರಲ್ಲಿ 100 ಪಟ್ಟು ವ್ಯತ್ಯಾಸ. ಅಷ್ಟೇ ತೂಕದ ನಾರು 100 ಪಟ್ಟು ಹೆಚ್ಚು ಜಾಗದಲ್ಲಿ ಶಾಖ ಹೀರುತ್ತೆ, ಅಷ್ಟೇ ಹೆಚ್ಚು ಜಾಗದಲ್ಲಿ ಆಮ್ಲಜನಕಕ್ಕೆ ಮೈಯೊಡ್ಡುತ್ತೆ. ದಪ್ಪ ಸೌದೆಯಲ್ಲಿ ಹೊರಗಿನ ಶಾಖ ಒಳಕ್ಕೆ ಹರಿದು ಹಂಚಿಹೋಗುತ್ತೆ, ಹೊರಪದರ ಬೇಕಾದಷ್ಟು ಕಾಯುವುದೇ ಇಲ್ಲ.

ಆದ್ದರಿಂದ ಕಿಡಿಗೆ ಕೊಡುವ ಮೊದಲ ತುತ್ತಿನಲ್ಲಿ ನೋಡಬೇಕಾದ್ದು ಮೂರೇ: ಒಣಗಿರಬೇಕು, ಎಳೆ ಸಣ್ಣ ಇರಬೇಕು, ಎಳೆಗಳ ಮಧ್ಯೆ ಗಾಳಿ ಆಡಬೇಕು. ಯಾವ ಮರದ್ದು ಅನ್ನೋದು ಆಮೇಲಿನ ಪ್ರಶ್ನೆ. ಒಣ ನಾರನ್ನೂ ಒತ್ತಿ ಉಂಡೆ ಕಟ್ಟಿದರೆ ಹೊಗೆ ಬರುತ್ತೆ, ಉರಿ ಬರಲ್ಲ.

ನಮ್ಮ ಕಡೆ ಏನೇನು ಸಿಗುತ್ತೆ

ತೆಂಗಿನ ನಾರು ಎಲ್ಲರಿಗೂ ಗೊತ್ತು. ತೆಂಗಿನ ಒಣ ಗರಿ ನಾರಿನಷ್ಟು ಬೇಗ ಹಿಡಿಯದಿದ್ದರೂ ಹಿಡಿದರೆ ಜೋರಾಗಿ ಉರಿಯುತ್ತೆ. ಎರಡನೇ ತುತ್ತಿಗೆ ಅದು ಸರಿ. ಕರಟ ತಡವಾಗಿ ಹತ್ತಿ, ತುಂಬಾ ಹೊತ್ತು ನಿಲ್ಲುತ್ತೆ.

ನೆಲಮಂಗಲ, ದೊಡ್ಡಬಳ್ಳಾಪುರ ಕಡೆ ನೀಲಗಿರಿ ತೋಪುಗಳನ್ನು ನೋಡಿರ್ತೀರ. ಆ ಮರದ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಬೀಳುತ್ತೆ. ಒಳಪದರವನ್ನು ಎಳೆ ಎಳೆ ಮಾಡಿದರೆ ಒಳ್ಳೆ ನಾರು. ಎಲೆಯಲ್ಲಿ ಎಣ್ಣೆ ಇರೋದರಿಂದ ಅದೂ ಭಗ್ ಅಂತ ಹತ್ತುತ್ತೆ.

ಎಕ್ಕದ ಕಾಯಿ, ಬೂರುಗದ ಕಾಯಿ ಒಡೆದಾಗ ಬರುವ ರೇಷ್ಮೆಯಂಥ ಅರಳೆ ಇನ್ನೂ ಸೂಕ್ಷ್ಮ. ಕಿಡಿ ತಾಗಿದ ತಕ್ಷಣ ಹಿಡಿಯುತ್ತೆ, ಅಷ್ಟೇ ಬೇಗ ಮುಗಿದುಹೋಗುತ್ತೆ. ಅದನ್ನು ಒಂಟಿಯಾಗಿ ನಂಬಬೇಡಿ, ನಾರಿನ ಗೂಡಿನ ನಡುವೆ ಇಡಿ. ಮಲೆನಾಡಿನ ಬೈನೆ ಮರದಲ್ಲಿ ಎಲೆಯ ಬುಡಕ್ಕೆ ಅಂಟಿಕೊಂಡು ಹತ್ತಿಯಂಥ ಒಂದು ಪದರ ಇರುತ್ತೆ, ಕಿಡಿ ಹಿಡಿಸೋಕೆ ಅದನ್ನೂ ಬಳಸುತ್ತಿದ್ದರು. ಬಿದಿರಿದ್ದರೆ ಒಣ ಗಳದ ಹೊರಮೈಯನ್ನು ಚಾಕುವಿನ ಅಂಚಿನಿಂದ ಕೆರೆಯಿರಿ, ಹತ್ತಿಯಂಥ ಪುಡಿ ಬರುತ್ತೆ.

ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದಿದ್ದನ್ನು ಮುಟ್ಟಲೇಬೇಡಿ. ನೆಲಕ್ಕೆ ತಾಗದೆ ನಿಂತಲ್ಲೇ ಒಣಗಿದ ಕೊಂಬೆ ನೋಡಿ. ಮುರಿದರೆ ಚಟ್ ಅಂತ ಸದ್ದು ಬರಬೇಕು, ಬಾಗಿದರೆ ಬೇಡ. ಹೊರಗೆ ನೆಂದಿದ್ದರೂ ಸೀಳಿದರೆ ಒಳಗೆ ಒಣಗಿರುತ್ತೆ. ಪಶ್ಚಿಮ ಘಟ್ಟದಲ್ಲಿ ಧೂಪದ ಮರದಿಂದ ಇಳಿದು ಗಟ್ಟಿಯಾದ ಅಂಟು ಸಿಗುತ್ತೆ. ಈ ಥರದ ರಾಳ ನೀರನ್ನು ಹೀರಲ್ಲ, ಒಮ್ಮೆ ಹತ್ತಿದರೆ ಬೇಗ ಆರಲ್ಲ. ಒಂದೇ ಎಚ್ಚರಿಕೆ, ಕಣಗಿಲೆ ಗಿಡದ ಕಡ್ಡಿ ಬಳಸಬೇಡಿ. ಗಿಡವೆಲ್ಲ ವಿಷ, ಅದರ ಹೊಗೆಯೂ ಒಳ್ಳೆಯದಲ್ಲ.

ಕಡ್ಡಿ ಇಲ್ಲದಿದ್ದರೆ

ಪೀಣ್ಯದ ಯಾವುದೇ ಫ್ಯಾಬ್ರಿಕೇಷನ್ ಶೆಡ್ ಮುಂದೆ ನಿಂತು ಗ್ರೈಂಡರ್ ನೋಡಿ. ಕಿತ್ತಳೆ ಬಣ್ಣದ ಕಿಡಿಗಳು ಹಾರುತ್ತಿರುತ್ತವೆ. ಅವು ಉಕ್ಕಿನ ಚೂರುಗಳು. ಎಷ್ಟು ಸಣ್ಣ ಅಂದ್ರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಹಾರುತ್ತಲೇ ಉರಿಯುತ್ತವೆ. ಮತ್ತೆ ಅದೇ ಮೇಲ್ಮೈ ಲೆಕ್ಕ. ಹಿಂದಿನವರ ಚಕಮಕಿ ಕಲ್ಲಿನಲ್ಲಿ ನಡೆಯುತ್ತಿದ್ದದ್ದೂ ಇದೇ. ಕಿಡಿ ಬರೋದು ಕಲ್ಲಿನಿಂದ ಅಲ್ಲ, ಗಟ್ಟಿ ಕಲ್ಲು ಕೆರೆದು ತೆಗೆದ ಉಕ್ಕಿನಿಂದ. ಈಗಿನ ಸಿಗರೇಟ್ ಲೈಟರ್‌ನಲ್ಲಿ ಇರೋದು ಫೆರೋಸೀರಿಯಂ ಅನ್ನೋ ಮಿಶ್ರಲೋಹ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದರ ಕಿಡಿ ಚಕಮಕಿಯದಕ್ಕಿಂತ ತುಂಬಾ ಬಿಸಿ.

ಚಕಮಕಿಯ ಕಿಡಿಯಿಂದ ನೇರವಾಗಿ ಜ್ವಾಲೆ ಬರೋದು ಕಷ್ಟ. ಮೊದಲು ಕೆಂಡ ಆಗಬೇಕು. ಅದಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸುಟ್ಟು ಕಪ್ಪು ಮಾಡಿದ ಹತ್ತಿಬಟ್ಟೆ ಬಳಸುತ್ತಿದ್ದರು. ಅದರಲ್ಲಿ ಆವಿಯಾಗಬೇಕಾದ್ದೆಲ್ಲ ಮೊದಲೇ ಹೋಗಿ ಇದ್ದಿಲು ಮಾತ್ರ ಉಳಿದಿರುತ್ತೆ, ಸಣ್ಣ ಕಿಡಿಯೂ ಸಾಕು. ಯಜ್ಞದಲ್ಲಿ ಇವತ್ತಿಗೂ ಬಳಸುವ ಅರಣಿಯ ದಾರಿಯೂ ಇದೇ. ಕೋಲು ಮರದ ಮೇಲೆ ಕಡೆದಾಗ ಸಣ್ಣ ಪುಡಿ ಉದುರಿ, ಘರ್ಷಣೆಯ ಶಾಖಕ್ಕೆ ಕಪ್ಪಾಗಿ, ಕೆಂಡ ಕಟ್ಟುತ್ತೆ. ಆ ಕೆಂಡವನ್ನು ನಾರಿನ ಗೂಡಿಗೆ ಹಾಕಿ ಊದಬೇಕು. ಊದೋದರಲ್ಲೂ ಹದ ಇದೆ. ಮೊದಲು ಉದ್ದಕ್ಕೆ, ಮೆಲ್ಲಗೆ. ಹೊಗೆ ದಪ್ಪವಾದ ಮೇಲೆ ಜೋರಾಗಿ.

ಕಟ್ಟೋ ಕ್ರಮ

ಗೂಡು ಹತ್ತಿದ ಮೇಲೆ ನೇರ ಸೌದೆ ಇಟ್ಟರೆ ಮತ್ತೆ ಸೊನ್ನೆಗೆ. ಮೊದಲು ಪೆನ್ಸಿಲ್ ಸೀಸದಷ್ಟು ತೆಳ್ಳಗಿನ ಪುಳ್ಳೆ ಒಂದು ಹಿಡಿ, ಆಮೇಲೆ ಪೆನ್ಸಿಲ್ ದಪ್ಪ, ಆಮೇಲೆ ಹೆಬ್ಬೆರಳು ದಪ್ಪ. ಎಲ್ಲವನ್ನೂ ಕಡ್ಡಿ ಗೀರುವ ಮೊದಲೇ ಜೋಡಿಸಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಗಾಳಿ ಬರುವ ಕಡೆಯಿಂದ, ಗೂಡಿನ ಬುಡಕ್ಕೆ ಹಚ್ಚಿ. ಜ್ವಾಲೆ ಮೇಲಕ್ಕೇ ಹೋಗೋದು, ಸೌದೆಯೂ ಅಲ್ಲೇ ಇರಲಿ. ನೆಲ ಒದ್ದೆ ಇದ್ದರೆ ಕೆಳಗೆ ನಾಲ್ಕು ಕೊಂಬೆ ಹಾಸಿ ಅದರ ಮೇಲೆ ಕಟ್ಟಿ.

ಇದೇ ಲೆಕ್ಕ, ಫೆಬ್ರವರಿಯಲ್ಲಿ

ಇಲ್ಲಿವರೆಗೆ ಓದಿದವರು ಒಂದು ವಿಷಯ ಗಮನಿಸಿರ್ತೀರ. ಒಣಗಿರಬೇಕು, ಸಣ್ಣ ಇರಬೇಕು, ಗಾಳಿ ಆಡಬೇಕು. ಬೇಸಿಗೆಯಲ್ಲಿ ಸಾವನದುರ್ಗ, ದೇವರಾಯನದುರ್ಗದ ಇಳಿಜಾರಿನಲ್ಲಿ ನಿಂತ ಹುಲ್ಲಿಗೆ ಈ ಮೂರೂ ಗುಣ ತಾನಾಗಿಯೇ ಬಂದಿರುತ್ತೆ. ಮಾರ್ಚ್ ಮಧ್ಯಾಹ್ನ ಬೆಂಗಳೂರಿನ ಸುತ್ತ ಆರ್ದ್ರತೆ 30%ಕ್ಕೆ ಇಳಿಯೋದುಂಟು. ಹುಲ್ಲಿನಂಥ ತೆಳು ವಸ್ತು ಒಂದೆರಡು ಗಂಟೆಯಲ್ಲೇ ಗಾಳಿಯ ಹದಕ್ಕೆ ಒಣಗುತ್ತೆ. ಬೆಳಗ್ಗೆ ಇಬ್ಬನಿಯಲ್ಲಿ ನೆಂದಿದ್ದ ಬೆಟ್ಟ ಮಧ್ಯಾಹ್ನಕ್ಕೆ ಅಜ್ಜಿಯ ಅಟ್ಟ. ಇನ್ನು ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಕಾಯಿಸುತ್ತಾ ಏರುತ್ತೆ, ಹಾಗಾಗಿ ಮೇಲ್ಮುಖವಾಗಿ ಬೆಂಕಿ ಓಡುವ ವೇಗವೇ ಬೇರೆ.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಆಗಿದ್ದು ನೆನಪಿರಬಹುದು. 21ರಂದು ಶುರುವಾದ ಬೆಂಕಿ ನಾಲ್ಕೈದು ದಿನದಲ್ಲಿ 4,000 ಹೆಕ್ಟೇರ್‌ಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಒಣ ಹುಲ್ಲು, ಒಣಗಿದ ಬಿದಿರು, ಎಲ್ಲೆಲ್ಲೂ ಹಬ್ಬಿದ ಲಂಟಾನ. ಹುಲ್ಲಿನ ಬೆಂಕಿಯನ್ನು ಮರದ ಕೊಂಬೆಗೆ ಹತ್ತಿಸೋಕೆ ಲಂಟಾನ ಏಣಿ ಇದ್ದಂತೆ. ನಾವು ಕಷ್ಟಪಟ್ಟು ಜೋಡಿಸುವ ನಾರು, ಪುಳ್ಳೆ, ಸೌದೆಯ ಕ್ರಮವನ್ನು ಕಾಡು ಅಲ್ಲಿ ಮೊದಲೇ ಜೋಡಿಸಿ ಇಟ್ಟಿತ್ತು. ಅದಕ್ಕೂ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸೋಕೆ ಹೋದ ಒಬ್ಬ ಅರಣ್ಯ ರಕ್ಷಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ಕೈಯಲ್ಲಿದ್ದದ್ದು ಹೆಲಿಕಾಪ್ಟರ್ ಅಲ್ಲ. ನಮ್ಮ ಕಾಡುಗಳಲ್ಲಿ ಬೆಂಕಿ ಬಡಿಯೋದು ಹೆಚ್ಚಾಗಿ ಹಸಿ ಸೊಪ್ಪಿನ ಕೊಂಬೆಯಿಂದ.

ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಟ್ರೆಕ್‌ಗೆ ಹೋದಾಗ ಬೆಂಕಿಪೊಟ್ಟಣ ಬ್ಯಾಗ್‌ನಲ್ಲೇ ಇರಲಿ. ಚಳಿಗೆ ಇನ್ನೊಂದು ಸ್ವೆಟರ್ ಸಾಕು, ಊಟಕ್ಕೆ ಚಪಾತಿ-ಚಟ್ನಿಪುಡಿ ಸಾಕು. ಕಲಿಯಬೇಕು ಅಂತ ಆಸೆ ಇದ್ದರೆ ಗೊತ್ತಿರೋರ ತೋಟದಲ್ಲಿ, ಅವರನ್ನು ಕೇಳಿ, ಮಳೆಗಾಲದಲ್ಲಿ ಕಲಿಯಿರಿ. ಎರಡು ಮೀಟರ್ ಸುತ್ತ ತರಗೆಲೆ ಗುಡಿಸಿ, ಒಂದು ಬಕೆಟ್ ನೀರು ಪಕ್ಕಕ್ಕೆ ಇಟ್ಟುಕೊಂಡು ಶುರು ಮಾಡಿ. ಒದ್ದೆಯಲ್ಲಿ ಹಚ್ಚೋಕೆ ಬಂದವರಿಗೆ ಒಣಗಿದ್ದರಲ್ಲಿ ಎಷ್ಟು ಸುಲಭ ಅನ್ನೋದು ತಾನಾಗಿ ಗೊತ್ತಾಗುತ್ತೆ, ಭಯವೂ ಬರುತ್ತೆ.

ಆವತ್ತು ರಾತ್ರಿ ಜೋಳ ತಿಂದು ಮುಗಿಸಿ ನಾವು ಎದ್ದು ಹೊರಟಿದ್ವಿ. ಬೆಂಕಿ ಆರಿ ಬರೀ ಬೂದಿ ಕಾಣುತ್ತಿತ್ತು. ಅಜ್ಜಿ ಬಿಡಲಿಲ್ಲ. ಒಂದು ಕೊಡ ನೀರು ಸುರಿದ್ರು, ಕೋಲಿನಿಂದ ಕೆದಕಿದ್ರು. ಬೂದಿ ಮುಚ್ಚಿದ ಕೆಂಡ ಅನ್ನೋ ಮಾತನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೆ, ಕಣ್ಣಾರೆ ನೋಡಿದ್ದು ಆಗಲೇ. ಅಡಿಯಲ್ಲಿ ನಿಗಿನಿಗಿ ಕೆಂಪು. ಇನ್ನೊಂದು ಕೊಡ ಸುರಿದು, ಮತ್ತೆ ಕೆದಕಿ, ಅಂಗೈ ಹಿಂಭಾಗ ಬೂದಿಯ ಹತ್ತಿರ ಹಿಡಿದು ನೋಡಿದ್ರು. ಬಿಸಿ ಇಲ್ಲ ಅಂತ ಆದಮೇಲೆ, "ಈಗ ಹೋಗಿ ಮಲಗ್ರಪ್ಪ" ಅಂದ್ರು.