ಓಪನ್ ಫಿಲ್ಟರ್ ಹಾಕಿದ್ರೆ ಫ್ಯುಯೆಲ್ ಪ್ರೆಶರ್ ಏರತ್ತಾ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ಕಡೆಯ ಹುಡುಗರೇ ಆಗಲಿ, ಸೆಕೆಂಡ್ ಹ್ಯಾಂಡ್ ಕಾರು ಸಿಕ್ಕ ಕೂಡಲೇ ಏರ್ ಬಾಕ್ಸ್ ಕಿತ್ತು ಓಪನ್ ಫಿಲ್ಟರ್ ಕೂರಿಸೋದು ಮೊದಲ ಪ್ರಯೋಗ. ಆಮೇಲೆ ‘ಪಿಕಪ್ ಬಂತು, ಫ್ಯುಯೆಲ್ ಪ್ರೆಶರ್ ಏರ್ತು’ ಅನ್ನೋ ಮಾತು. ಪಿಕಪ್ ವಿಷಯ ಬಿಡಿ, ಸೌಂಡ್ ಜೋರಾದ್ರೆ ಗಾಡಿಯೂ ಜೋರಾಗಿದೆ ಅನ್ಸತ್ತೆ. ಪ್ರೆಶರ್ ಮಾತ್ರ ಲೆಕ್ಕಕ್ಕೆ ಸಿಗುವಂಥದ್ದು.

ಇಂಜೆಕ್ಟರ್ ತೆರೆದಾಗ ಎಷ್ಟು ಪೆಟ್ರೋಲ್ ಹರಿಯತ್ತೆ ಅನ್ನೋದು ಫ್ಯುಯೆಲ್ ರೈಲ್ ಮತ್ತು ಇಂಟೇಕ್ ಮ್ಯಾನಿಫೋಲ್ಡ್ ನಡುವಿನ ಒತ್ತಡದ ವ್ಯತ್ಯಾಸದ ವರ್ಗಮೂಲವನ್ನು ಅವಲಂಬಿಸಿದೆ (ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಆರಿಫೈಸ್ ನೆನಪಿದೆಯಾ?). ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡ್ ಒತ್ತಡ ವಾತಾವರಣಕ್ಕಿಂತ ಸುಮಾರು 0.6 ಬಾರ್ ಕಡಿಮೆ. ಫುಲ್ ಥ್ರಾಟಲಿನಲ್ಲಿ ಹೆಚ್ಚುಕಮ್ಮಿ ವಾತಾವರಣದಷ್ಟೇ. ಇದನ್ನ ಸರಿದೂಗಿಸೋಕೆ, ರಿಟರ್ನ್ ಲೈನ್ ಇರುವ ಹಳೇ ಗಾಡಿಗಳಲ್ಲಿ ಪ್ರೆಶರ್ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಒಂದು ತೆಳು ವ್ಯಾಕ್ಯೂಮ್ ಪೈಪ್ ಇರತ್ತೆ. 3 ಬಾರ್ ರೆಗ್ಯುಲೇಟರ್ ಆದ್ರೆ ಗೇಜ್ ಐಡ್ಲಿಂಗಿನಲ್ಲಿ 2.4, ಫುಲ್ ಥ್ರಾಟಲಿಗೆ 3 ತೋರಿಸತ್ತೆ. ಇಂಜೆಕ್ಟರಿಗೆ ಸಿಗೋ ವ್ಯತ್ಯಾಸ ಸದಾ 3.

ಇದರಲ್ಲಿ ಫಿಲ್ಟರಿನ ಪಾಲೆಷ್ಟು? ಐಡ್ಲಿಂಗಿನಲ್ಲಿ ಗಾಳಿಗೆ ಅಡ್ಡ ನಿಂತಿರೋದು ಥ್ರಾಟಲ್, ಹಾಗಾಗಿ ಫಿಲ್ಟರ್ ಬದಲಿಸಿದ್ರೂ ವ್ಯಾಕ್ಯೂಮ್ ಬದಲಾಗಲ್ಲ. ಫುಲ್ ಥ್ರಾಟಲಿನಲ್ಲೂ ಚೊಕ್ಕ ಪೇಪರ್ ಫಿಲ್ಟರ್ ತಿನ್ನೋದು ಒಂದು ಬಾರಿನ ನೂರರಲ್ಲಿ ಕೆಲವೇ ಪಾಲು. ಗೇಜಿನ ಮುಳ್ಳು ಅಲ್ಲಾಡಿದ್ದೂ ಗೊತ್ತಾಗಲ್ಲ.

ಹಾಗಿದ್ದೂ ಪ್ರೆಶರ್ ನಿಜವಾಗ್ಲೂ ಏರಿದ್ರೆ, ಕೆಲಸದ ನಡುವೆ ಆ ತೆಳು ಪೈಪ್ ಕಳಚಿದೆಯಾ ಅಂತ ಮೊದಲು ನೋಡಿ. ಕಳಚಿದ್ರೆ ಐಡ್ಲಿಂಗಿನಲ್ಲೂ ಗೇಜ್ 3 ತೋರಿಸತ್ತೆ, ಇಂಜೆಕ್ಟರಿಗೆ ವ್ಯತ್ಯಾಸ ಹತ್ತಿರ ಹತ್ತಿರ 3.6. ವರ್ಗಮೂಲ ತೆಗೆದ್ರೆ ಶೇ. 9ರಷ್ಟು ಪೆಟ್ರೋಲ್ ಜಾಸ್ತಿ. ಆಕ್ಸಿಜನ್ ಸೆನ್ಸರ್ ಇದ್ರೆ ಇಸಿಯು ಇದನ್ನ ಒಂದು ಮಟ್ಟಕ್ಕೆ ಮುಚ್ಚಿಹಾಕತ್ತೆ, ಅದಕ್ಕೇ ದೋಷ ಬೇಗ ಕಾಣಲ್ಲ.

ಈಚಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇದೆ, ಈ ಪೈಪೇ ಇಲ್ಲ. ಇಸಿಯು ಇಂಜೆಕ್ಟರ್ ತೆರೆಯೋ ಸಮಯ ಬದಲಿಸತ್ತೆ, ಅಷ್ಟೇ. ಕಾಮನ್ ರೈಲ್ ಡೀಸೆಲ್ ಸ್ವಲ್ಪ ಬೇರೆ. ಅಲ್ಲಿ ರೈಲ್ ಪ್ರೆಶರ್ ಸಾವಿರ ಬಾರ್ ದಾಟತ್ತೆ, ಅದನ್ನ ತೀರ್ಮಾನಿಸೋದು ಇಸಿಯು. ಎಣ್ಣೆ ಹಚ್ಚಿದ ಫಿಲ್ಟರಿನಿಂದ ಗಾಳಿ ಅಳೆಯೋ ಸೆನ್ಸರಿಗೆ ಎಣ್ಣೆ ಮೆತ್ತಿದ್ರೆ ಅದರ ಲೆಕ್ಕ ತಪ್ಪಬಹುದು.

ನನ್ನ ಕೇಳಿದ್ರೆ, ನಮ್ಮ ಕಡೆ ಪ್ರೆಶರಿಗಿಂತ ಧೂಳಿನ ಚಿಂತೆ ದೊಡ್ಡದು. ಜಗಳೂರಿನ ಒಣ ಮಣ್ಣು, ಸುಗ್ಗಿಯಲ್ಲಿ ಮೆಕ್ಕೆಜೋಳದ ಹೊಟ್ಟು. ಅಗ್ಗದ ಫಿಲ್ಟರ್ ಒಳಗೆ ಬಿಟ್ಟ ಸಿಲಿಕಾ ಕಣ ಪಿಸ್ಟನ್ ರಿಂಗನ್ನೂ ಬೋರನ್ನೂ ಸವೆಸತ್ತೆ. ಮೇಲಿಂದ ಬಾನೆಟ್ಟಿನೊಳಗಿನ ಬಿಸಿಗಾಳಿ: 35 ಡಿಗ್ರಿಯ ಗಾಳಿ 55 ಆದ್ರೆ ಸಾಂದ್ರತೆ ಸುಮಾರು ಶೇ. 6 ಇಳಿಯತ್ತೆ. ಪಿಕಪ್ ಬಂತು ಅಂದೋರಿಗೆ ಇದನ್ನೂ ಹೇಳಿ.

ಹಾಕಲೇಬೇಕು ಅಂದ್ರೆ ಮೊದಲು ಗೇಜ್ ಕೂರಿಸಿ ಐಡ್ಲಿಂಗ್ ರೀಡಿಂಗ್ ಬರೆದಿಡಿ. ತೆಳು ಪೈಪ್ ಇರುವ ಗಾಡಿಯಾದ್ರೆ ಅದನ್ನ ಕಳಚಿ, ಬೆರಳಿಂದ ಬಾಯಿ ಮುಚ್ಚಿ ನೋಡಿ, ಮುಳ್ಳು 0.6ರಷ್ಟು ಏರಬೇಕು. ಏರದಿದ್ರೆ ತೊಂದರೆ ಪೈಪಿನಲ್ಲೋ ರೆಗ್ಯುಲೇಟರಿನಲ್ಲೋ ಇದೆ. ಪೈಪಿನೊಳಗೆ ಪೆಟ್ರೋಲ್ ಹಸಿ ಕಂಡ್ರೆ ಡಯಾಫ್ರಮ್ ಹರಿದಿದೆ. ಗಾಡಿ ಆಫ್ ಮಾಡಿ, ರೆಗ್ಯುಲೇಟರ್ ಬದಲಿಸಿ.